ಗೌರವಕ್ಕೆ ಮುಚ್ಚಿದ ಗೇಟು

ಮಗಳು ಅಪ್ಪನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದಾಗ ಅಣೆಕಟ್ಟಿನ ಗೇಟಿನವನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಹೆಣದ ಮುಖ ನೋಡಲಿಲ್ಲ, ಇವಳ ಮುಖವನ್ನೂ ನೋಡಲಿಲ್ಲ.

“ಅಕ್ಕಾ, ಒಂದು ತಪ್ಪಾಗ್ಹೋಯ್ತು. ನಿನ್ನೆ ಅಜ್ಜ ಹೋದ ಸುದ್ದಿ ಬಂತಲ್ಲ, ಗೌರವಕ್ಕೆ ಅಂತ ಮೀನಿನ ಮೆಟ್ಟಿಲಿನ ಗೇಟು ಮುಚ್ಚಿದೆ.”

“ಮುಚ್ಚಿದ್ಯಾ?”

“ಅಂಗಡಿ ಮುಚ್ಚಲ್ವಾ, ಹಂಗೆ. ಬೆಳಿಗ್ಗೆ ತೆಗೆಯೋಕೆ ಹೋದ್ರೆ ಚಕ್ರ ತಿರುಗ್ತಾನೇ ಇಲ್ಲ. ಮೀನೆಲ್ಲ ಕೆಳಗೆ ಬಂದು ತಲೆ ಚಚ್ಕೋತಿವೆ.”

“ಅಯ್ಯೋ ಪುಣ್ಯಾತ್ಮ!” ಎಂದರು ಚಿಕ್ಕಪ್ಪ. “ಮೀನಿಗೋಸ್ಕರ ಬದುಕಿದವನ ಸಾವಿಗೆ ಮೀನಿಗೇ ಬಾಗಿಲು ಹಾಕಿದ್ಯಲ್ಲೋ!”

ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿಕೊಂಡು ಕೆಮ್ಮಿದರು.

ಅಪ್ಪನನ್ನು ಎಲ್ಲರೂ ಮೆಟ್ಟಿಲಜ್ಜ ಎನ್ನುತ್ತಿದ್ದರು. ಮೂವತ್ತು ವರ್ಷ ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸಿದವನು. ಮೊಟ್ಟೆಯಿಡಲು ಮೇಲಕ್ಕೆ ಹೊರಟ ಮೀನುಗಳು ವರ್ಷ ವರ್ಷವೂ ಗೋಡೆಗೆ ಬಡಿದು ಸಾಯುವುದನ್ನು ನೋಡಲಾರದೆ, ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ, ಪಕ್ಕದಲ್ಲಿ ಮೀನು ಹಾರಿ ಹಾರಿ ಹತ್ತುವಂಥ ನೀರಿನ ಮೆಟ್ಟಿಲು ಕಟ್ಟಿಸಿದವನು. ‘ಮೀನಿಗೆ ಮೆಟ್ಟಿಲಂತೆ! ನಾಳೆ ಲಿಫ್ಟೂ ಕೇಳ್ತಾನೆ’ ಎಂದು ಆಡಿಕೊಂಡವರೇ ಇವತ್ತು ಮೂಗು ಒರೆಸಿಕೊಳ್ಳುತ್ತಿದ್ದರು.

*

ಐದು ವರ್ಷದ ಹಿಂದೆ, ಅಮ್ಮ ತೀರಿಕೊಂಡ ದಿನವೂ ಮೀನು ಬಂದಿದ್ದವು. ಆಸ್ಪತ್ರೆಗೆ ಅಪ್ಪ ಬಂದದ್ದು ಎಲ್ಲ ಮುಗಿದು ಎರಡು ಗಂಟೆಯ ಮೇಲೆ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

“ಅಲ್ಲಪ್ಪ, ಅಮ್ಮನಿಗಿಂತ ಮೀನು ಹೆಚ್ಚಾಯ್ತಾ ನಿಂಗೆ?”

“ಚಕ್ರ ಸಿಕ್ಕೊಂಡಿತ್ತು ಮಗಳೇ. ಇಲ್ಲಿ ಬಂದಿದ್ರೂ ನನ್ನ ಕೈಲಿ ಏನೂ ಆಗ್ತಿರ್ಲಿಲ್ಲ. ಅಲ್ಲಿ ಆಗ್ತಿತ್ತು.”

“ಅಮ್ಮ ನಿನ್ನನ್ನೇ ಕೇಳ್ತಿದ್ಲು.”

ಮಗಳಿಗೆ ಅವನನ್ನು ಕ್ಷಮಿಸಲಾಗಲಿಲ್ಲ. ಅವನು ಹಾಸಿಗೆ ಹಿಡಿದ ಮೇಲೇ ಅವಳು ಮತ್ತೆ ಈ ಮನೆಗೆ ಕಾಲಿಟ್ಟದ್ದು. ಗಂಜಿ ಕುಡಿಸಿದಳು, ಬಟ್ಟೆ ಬದಲಿಸಿದಳು. ‘ಹೋಗ್ಲಿ ಬಿಡಪ್ಪ’ ಎಂಬ ಒಂದು ಮಾತು ಮಾತ್ರ ಬಾಯಿಗೆ ಬಂದು ಬಂದು ಹಿಂದೆ ಹೋಯಿತು. ನಿನ್ನೆ ಅವನೇ ಹೋದ.

*

“ಆ ಚಕ್ರದ ಪಟ್ಟು ನಂಗೊತ್ತು,” ಎಂದಳು ಮಗಳು, ಎದ್ದು ನಿಂತು. “ಹಳೇ ಕಾಲುವೆ ಗೇಟಿನದನ್ನೇ ಅಲ್ಲಿಗೆ ಹಾಕಿರೋದು. ಚಿಕ್ಕವಳಿದ್ದಾಗ ಅಪ್ಪ ಹೇಳಿಕೊಟ್ಟಿದ್ದ. ತೆಗೆಯೋಕೆ ಮುಂಚೆ ಇನ್ನೂ ಅರ್ಧ ಸುತ್ತು ಮುಚ್ಚಬೇಕು.”

“ಹೇಳಿಬಿಡು, ಅವನೇ ಮಾಡ್ಕೋತಾನೆ.”

“ಹೇಳಿದ್ರೆ ಬರಲ್ಲ ಚಿಕ್ಕಪ್ಪ, ಕೈಗೆ ಗೊತ್ತಾಗ್ಬೇಕು. ಸ್ವಲ್ಪ ಜಾಸ್ತಿಯಾದ್ರೂ ಮುರಿಯುತ್ತೆ.”

“ಹೆತ್ತ ಮಗಳಿಲ್ದೆ ಮಣ್ಣು ಮಾಡೋದಾ? ಜನ ಏನಂತಾರೆ?”

“ನಾನು ಅಪ್ಪನಿಗೆ ಅಂದಿದ್ದನ್ನೇ ಅಂತಾರೆ.”

ಗೇಟಿನವನ ಸೈಕಲ್ಲಿನ ಹಿಂದೆ ಕೂತು ಹೋದಳು. ದಾರಿಯುದ್ದಕ್ಕೂ ಅತ್ತಳು.

ಅಣೆಕಟ್ಟಿನ ಮೇಲೆ ಗಾಳಿ ಜೋರಾಗಿತ್ತು. ಚಕ್ರಕ್ಕೆ ಎರಡೂ ಕೈ ಹಾಕಿ ಅರ್ಧ ಸುತ್ತು ಮುಚ್ಚಿದಳು. ಒಳಗೆಲ್ಲೋ ಕಟಕ್ಕೆಂದಿತು. ಆಮೇಲೆ ತೆರೆದಳು. ನೀರು ಸದ್ದು ಮಾಡುತ್ತಾ ಮೆಟ್ಟಿಲಿಳಿಯಿತು. ಕೆಳಗೆ ಎಷ್ಟೋ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಹಳ ಹೊತ್ತು ಒಂದೂ ಹತ್ತಲಿಲ್ಲ. ಕೊನೆಗೆ ಒಂದು ಹಾರಿತು, ಜಾರಿ ಬಿತ್ತು, ಮತ್ತೆ ಹಾರಿ ಮೊದಲ ಮೆಟ್ಟಿಲು ದಾಟಿತು. ಹಿಂದೆಯೇ ಇನ್ನೊಂದು.

“ಅಕ್ಕಾ, ಅಲ್ನೋಡಿ,” ಎಂದ ಗೇಟಿನವನು.

ಆಚೆ ದಡದಲ್ಲಿ ಗುಂಡಿಯ ಸುತ್ತ ಜನ ನಿಂತಿದ್ದರು. ಅಪ್ಪನನ್ನು ಇಳಿಸಿಯಾಗಿತ್ತು. ಆದರೆ ಯಾರೂ ಮಣ್ಣು ಹಾಕಿರಲಿಲ್ಲ. ಎಲ್ಲರೂ ಅಣೆಕಟ್ಟಿನ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು.

ಅವಳು ತುಕ್ಕು ಮೆತ್ತಿದ ಕೈಯನ್ನು ತಲೆಯ ಮೇಲಕ್ಕೆತ್ತಿದಳು. ಚಿಕ್ಕಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು.