ಕುಲಾಯ್ಡಿಸ್ಮಸ್ ಎಂಬ ದೋಷ

ಎಂದೋ ಗ್ರೀಸಿನಿಂದ ಹೊರಟ ಒಂದು ಬಾಲ, ಊರೂರು ಅಲೆದು, ಚೆಕ್ ನಾಡಿನ ದಕ್ಷಿಣ ಬೊಹೆಮಿಯಾದ ನಮ್ಮ ಲ್ಹೋತಾ ಹಳ್ಳಿಗೂ ಬಂದಿತ್ತಂತೆ. ಹೆಸರು ಇಸ್ಮಸ್; ಇಂಗ್ಲಿಷಿನವರ ಬಾಯಲ್ಲಿ ಇಸಂ. ಹಂಗೇರಿಯವರು ಅದನ್ನೇ ಇಜ್ಮುಶ್ ಎಂದು ಸಾಕಿಕೊಂಡಿದ್ದರು. ಅದು ಅಂಟಿದ ಪದಕ್ಕೆ ಮೀಸೆ ಮೂಡುತ್ತಿತ್ತು, ಕೇಳಿದವರಿಗೆ ಬೆವರು.

೧೯೫೨ರ ಮಾರ್ಚ್, ಕಮ್ಯುನಿಸ್ಟರ ಆಳ್ವಿಕೆ. ಸಹಕಾರಿ ಬೇಸಾಯ ಸಂಘದಲ್ಲಿ ಆತ್ಮವಿಮರ್ಶೆಯ ಸಭೆ. ಅಲ್ಲಿನ ಊಟದ ಮನೆಯ ಅಡುಗೆಯವಳು ನಮ್ಮಜ್ಜಿ ಲಿಬುಶೆ. ಪಾದ್ರಿಗೆ ಪಾತ್ರೆ ತುಂಬ ಸೂಪು ಕೊಟ್ಟಳೆಂದು ಅವಳ ಮೇಲೆ ದೂರು. ತಪ್ಪು ಮಾಡಿದವರು ತಮ್ಮ ದೋಷಕ್ಕೊಂದು ಇಸ್ಮಸ್ ಹೇಳಿ ಒಪ್ಪಿಕೊಳ್ಳಬೇಕು. ಇಲ್ಲವಾದರೆ ಅಜ್ಜಿ ಸೌಟು ಬಿಟ್ಟು, ದನಗಳ ಮೇವಿನ ಬೀಟ್ರೂಟ್ ತೊಳೆಯಲು ಹೋಗಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ.

ಅಜ್ಜಿಯ ಸರದಿ ಹದಿನೇಳನೆಯದು. ಟ್ರ್ಯಾಕ್ಟರಿನವನು ಅಲ್ಕೊಹೊಲಿಸ್ಮಸ್ ಎತ್ತಿಕೊಂಡಾಗಿತ್ತು. ಮಂಡಿನೋವಿನ ರೆವ್ಮಾತಿಸ್ಮಸ್ಸನ್ನೂ ಹಾಲು ಕರೆಯುವ ಮುದುಕಿ ಖರ್ಚು ಮಾಡಿಬಿಟ್ಟಿದ್ದಳು.

"ಲಿಬುಶೆಯಮ್ಮಾ, ನಿಮ್ದೇನು?" ಕಾರ್ಯದರ್ಶಿ ಹಾವ್ರಾನೆಕ್ ಪೆನ್ಸಿಲ್ ನೆಕ್ಕಿದ.

ಒಲೆಯ ಮೇಲೆ ಬಿಟ್ಟು ಬಂದಿದ್ದ ಅಣಬೆ, ಸಬ್ಬಸಿಗೆಯ ಕುಲಾಯ್ಡಾ ಸೂಪು ಅಜ್ಜಿಯ ಕಣ್ಣಿಗೆ ಕಟ್ಟಿತು.

"ಕುಲಾಯ್ಡಿಸ್ಮಸ್."

ಆ ಸೂಪು ಕುಡಿಯದ ಬಾಯಿ ಸಭೆಯಲ್ಲಿ ಒಂದೂ ಇರಲಿಲ್ಲ. ಆದರೂ ಯಾರೂ ನಗಲಿಲ್ಲ. ಈ ಇಸ್ಮಸ್ ಹುಟ್ಟಿಸಿದ ಕುಲಾಯ್ಡಾ ಎಂಬ ಪ್ರೊಫೆಸರೇ ಪ್ರಾಗಿನಲ್ಲಿ ಇದ್ದರೆ?

"ಎಷ್ಟು ದಿನದಿಂದ ಇದೆ?"

"ಅಯ್ಯೋ, ಅಮ್ಮನಿಂದಾನೇ ಬಂದಿದ್ದು."

"ವಂಶಪಾರಂಪರ್ಯ!" ಎನ್ನುತ್ತ ಹಾವ್ರಾನೆಕ್ ಬರೆದುಕೊಂಡ.

ವರದಿ ಮೇಲೆ ಮೇಲೆ ಹೋಯಿತು. ಮೂರು ವಾರಕ್ಕೆ ಪ್ರಾಗಿನಿಂದ ಉಪನ್ಯಾಸಕ ಪೊಸ್ಪೇಖ್ ಇಳಿದ. ಕುಲಾಯ್ಡಿಸ್ಮಸ್ಸಿನ ಬೇರುಗಳ ಬಗ್ಗೆ ಎರಡು ಗಂಟೆ ಗುಡುಗಿದ.

"ಅದು ಬಲು ನಯವಾಗಿ ಒಳಗಿಳಿಯುತ್ತೆ, ಕಾಮ್ರೇಡ್!"

"ಹೌದೌದು," ಎಂದು ಜನ ಜೊಲ್ಲು ನುಂಗಿದರು.

"ಒಂದು ಸಲ ಹಿಡಿದರೆ ಬಿಡಲ್ಲ! ಆ ಹೆಂಗಸನ್ನ ನಾಳೆಯಿಂದ ಒಲೆ ಹತ್ರ ಸೇರಿಸಬೇಡಿ."

ಅಜ್ಜಿ ತುಟಿ ಕಚ್ಚಿಕೊಂಡು ಊಟಕ್ಕೆ ಬಡಿಸಿದಳು. ಪೊಸ್ಪೇಖ್ ಮೂರನೆಯ ಬಟ್ಟಲಿಗೆ ಕೈಹಾಕಿದ.

"ಆಹಾ! ಇದಕ್ಕೇನಂತಾರಮ್ಮ?"

"ಕುಲಾಯ್ಡಾ."

ಚಮಚ ಗಾಳಿಯಲ್ಲೇ ನಿಂತಿತು. ಉಪನ್ಯಾಸದ ಎಂಟು ಸಾವಿರ ಪ್ರತಿ ಆಗಲೇ ಅಚ್ಚಾಗಿದ್ದವು. ಅವನು ಹಾವ್ರಾನೆಕನನ್ನು ನೋಡಿದ. ಹಾವ್ರಾನೆಕ್ ಸೂರು ನೋಡಿದ.

"ಇವತ್ತಿಂದ ಇದು ಸೂಪು ನಂಬರ್ ನಾಲ್ಕು," ಪೊಸ್ಪೇಖ್ ಗಲ್ಲ ಒರೆಸಿಕೊಂಡ. "ಈಯಮ್ಮ ಇಲ್ಲೇ ಇರಲಿ. ದೋಷಾನ ಗೆದ್ದವರು ಅಂತ ಬರ್ಕೊಳ್ಳಿ."

"ಯಾವಾಗ ಗೆದ್ದಿದ್ದು ಅಂತ ಬರೀಲಿ, ಕಾಮ್ರೇಡ್?"

"ಈಗಷ್ಟೇ. ಇನ್ನೊಂದು ಸೌಟು ಹಾಕಮ್ಮ."