ಹಾಲವ್ವನ ಹೆಪ್ಪಿನ ಬಟ್ಟಲು

ಕೊಟ್ಟಿಗೆಯಲ್ಲಿ ಹಿಂಡುವ ಎಮ್ಮೆ, ನೆಲುವಿನ ಮೇಲೆ ಕೆನೆಗಟ್ಟಿದ ಗಡಿಗೆ ಮೊಸರು; ಅಷ್ಟಿದ್ದೂ ಮಂದಿಯ ಬಾಗಿಲಿಗೆ ಹೋಗಿ ಹೆಪ್ಪು ಬೇಡುತ್ತಿದ್ದವಳು ರಬಕವಿಯ ಆ ನೇಕಾರ ಓಣಿಯಲ್ಲಿ ಹಾಲವ್ವ ಒಬ್ಬಳೇ. ದೀಪ ಹಚ್ಚಿದ ಮೇಲೆ ಯಾರೂ ಹಾಲು-ಮೊಸರು ಹೊರಗೆ ಕೊಡುವುದಿಲ್ಲ. ಅದಕ್ಕೇ ಹೊತ್ತು ಇಳಿಯುತ್ತಲೇ ಕಂಚಿನ ಬಟ್ಟಲನ್ನು ಸೆರಗಿನ ಮರೆಗೆ ಹಿಡಿದು, ಎಡಗಾಲು ಎಳೆದುಹಾಕುತ್ತ, ಮಗ್ಗಗಳ ಸದ್ದಿನ ನಡುವೆ ಲಗುಬಗೆಯಿಂದ ಬರುವಳು. "ಖರೆ ಹೇಳತೇನಿ, ಒಂದ ಚಮಚೆ ಸಾಕಬೇ." ಅಷ್ಟೇ ಆಕೆಯ ಮಾತು.

ಗಂಡ ಶಂಕರೆಪ್ಪನಿಗೆ ಇದು ತಲೆತಗ್ಗಿಸುವ ಸಂಗತಿ. "ಮನ್ಯಾಗ ಮೊಸರಿನ ಹೊಳಿ ಹರದೈತಿ, ನೀ ಭಿಕ್ಷಾ ಬೇಡತೀಯಲ್ಲೇ!" ಎಂದು ರೇಗುತ್ತಿದ್ದ. ಹಾಲವ್ವ ನಕ್ಕು ಬಟ್ಟಲು ತಿಕ್ಕುತ್ತಿದ್ದಳು.

ಹುನ್ನೂರಿನ ಕಡೆಯಿಂದ ಮರೆವ್ವ ಎಂಬಾಕೆ ಓಣಿಯ ಕೊನೆಯ ಬಾಡಿಗೆ ಕೋಣೆಗೆ ಬಂದಳು. ಜಾತಿ ಕೇಳಿ ತಿಳಿದುಕೊಂಡ ಓಣಿ ಅವಳಿಗೆ ಹಳೆಯ ಸೀರೆ ಕೊಟ್ಟಿತು, ಹಬ್ಬಕ್ಕೆ ಹೋಳಿಗೆ ಕೊಟ್ಟಿತು, ಎಲ್ಲವನ್ನೂ ಮೇಲಿನಿಂದ ಕೈಗೆ ಹಾಕಿತು. ಅವಳ ಮನೆಯಿಂದ ಮಾತ್ರ ಒಂದು ಹುಲ್ಲುಕಡ್ಡಿಯನ್ನೂ ಇಸಿದುಕೊಳ್ಳಲಿಲ್ಲ. ಒಂದು ಸಂಜೆ ಹಾಲವ್ವನ ಬಟ್ಟಲು ಆ ಹೊಸ್ತಿಲಿಗೆ ಹೋಯಿತು.

"ನಮ್ಮನಿದರೀ? ನಡೀತೈತೇನ್ರೀ ಅವ್ವಾರ?" ಮರೆವ್ವ ಒಂದು ಹೆಜ್ಜೆ ಹಿಂದೆ ಸರಿದು ಕೇಳಿದಳು.

"ಹಾಲಿಗೆ ನಡದರ ಆತು ತಂಗಿ, ಹಾಲೇನ ಜಾತಿ ಕೇಳತೈತೇನು?"

ಮರುದಿನ ನುಚ್ಚಿಗೆ ಎರಡು ಸಲ ಮೊಸರು ಹಾಕಿಸಿಕೊಂಡ ಮೇಲೆ ಶಂಕರೆಪ್ಪನಿಗೆ ಹೆಂಡತಿಯ ಬಾಯಿಂದಲೇ ಸುದ್ದಿ ತಿಳಿಯಿತು. ಉಣ್ಣುವ ಕೈ ನಿಂತಿತು.

"ಮೊದಲ ಯಾಕ ಹೇಳಲಿಲ್ಲಲೇ?"

"ಎರಡನೇ ಸಲಾ ಹಾಕಿಸ್ಕೊಳ್ಳೂಮುಂದ ನೀವರ ಯಾಕ ಕೇಳಲಿಲ್ರೀ?"

ಶಂಕರೆಪ್ಪ ಗಂಗಾಳವನ್ನು ಹತ್ತಿರಕ್ಕೆ ಎಳೆದುಕೊಂಡು ಕಲಸಿ ಉಂಡ. ಆಮೇಲೆ ಹೆಪ್ಪಿಗೆ ಬಂದವರಿಗೆಲ್ಲ ಹಾಲವ್ವ, "ಮರೆವ್ವನ ಹೆಪ್ಪೈತಿ, ಬೇಕಾದ್ರ ಒಯ್ರಿ" ಎಂದು ಮೊದಲೇ ಹೇಳಿಬಿಡುತ್ತಿದ್ದಳು. ಕೆಲವರು ಬರಿಗೈಲಿ ತಿರುಗಿದರು, ಕೆಲವರು ಒಯ್ದರು. ಒಯ್ದವರ ಮನೆಯ ಸೀಮಂತಕ್ಕೆ ಮರೆವ್ವ ರೊಟ್ಟಿ ಬಡಿಯಲು ಒಳಗೆ ಕೂತಳು.

ಈಗ ಮರೆವ್ವ ಮುಧೋಳದ ಮಗಳ ಮನೆ ಸೇರಿದ್ದಾಳೆ. ಶಂಕರೆಪ್ಪನೂ ಇಲ್ಲ, ಎಮ್ಮೆಯೂ ಇಲ್ಲ. ಮನೆಮನೆಗೂ ಫ್ರಿಜ್ಜು, ಅದರೊಳಗೆ ಪಾಕೀಟು ಮೊಸರು. ಸಂಜೆಯಾದರೆ ಮುಚ್ಚಿದ ಬಾಗಿಲುಗಳು. ಮರೆವ್ವನಿದ್ದ ಕೋಣೆಗೆ ಮೊನ್ನೆ ಬೀಳಗಿಯಿಂದ ವೈಶಾಲಿ ಎಂಬ ನರ್ಸ್ ಬಂದಳು. ಗಂಡನಿಲ್ಲದೆ ಒಬ್ಬಳೇ ಇದ್ದಾಳೆಂದು ಓಣಿ ಪಿಸುಗುಟ್ಟಿತು. ಹಾಲವ್ವ ಗೋಡೆಯ ಮಾಡದಿಂದ ಬಟ್ಟಲು ಇಳಿಸಿದಳು.

ವೈಶಾಲಿ ನಗುನಗುತ್ತ ಇಡೀ ಪಾಕೀಟನ್ನೇ ಕೈಗಿತ್ತಳು. "ಪೂರಾ ಇಟ್ಕೋರಿ ಅಜ್ಜಿ, ಹೊಳ್ಳಿ ಕೊಡೂದು ಬ್ಯಾಡ."

ಹಾಲವ್ವನ ಮುಖ ಬಾಡಿತು. ಅಲ್ಲೇ ಒಂದು ಚಮಚೆ ಬಟ್ಟಲಿಗೆ ಹಾಕಿಸಿಕೊಂಡು ಪಾಕೀಟು ತಿರುಗಿಸಿದಳು. "ಇಷ್ಟ ಸಾಕಬೇ. ನಾಳೆ ಹೆಪ್ಪಿಗೆ ನೀ ನನ್ನ ಕಡೆ ಬರಬೇಕ ನೋಡು."

ವೈಶಾಲಿ ಇನ್ನೂ ಬಂದಿಲ್ಲ. ಅಂದಿನಿಂದ ದಿನವೂ ಕೊಂಡ ಹಾಲಿಗೇ ಹೆಪ್ಪು ಹಾಕಿ, ಅದರಲ್ಲಿ ಒಂದಿಷ್ಟು ತೆಗೆದಿಟ್ಟು, ತಲಬಾಗಿಲಲ್ಲಿ ಕೂತು, ಹಾಲವ್ವ ಓಣಿಯ ಕೊನೆಯನ್ನೇ ನೋಡುತ್ತಾಳೆ. ಒಳಗಿನಿಂದ ಸೊಸೆ ರಾಜಶ್ರೀ, "ಅತ್ತಿ, ಕತ್ತಲಾತ್ರೀ" ಎನ್ನುತ್ತಾಳೆ. "ತಡಿಯವಾ, ದೀಪ ಈಗ ಹಚ್ಚಬ್ಯಾಡ."

ಕೊಡುವ ಕೈ ಯಾವ ಊರಲ್ಲಾದರೂ ಸಿಕ್ಕೀತು. ತನ್ನಲ್ಲಿದ್ದೂ ಇನ್ನೊಬ್ಬರ ಹೊಸ್ತಿಲಲ್ಲಿ ಕೈಯೊಡ್ಡಿ, ಆ ಮನೆಯವರನ್ನು ಕೊಡುವವರನ್ನಾಗಿ ಮಾಡುವ ಜೀವಗಳು ವಿರಳ. ಅಂಥವರ ಮನೆಯಲ್ಲಿ ದೀಪ ಒಂದಿಷ್ಟು ತಡವಾಗಿಯೇ ಹತ್ತುತ್ತದೆ.