ಹೊಲಿಗೆಯೊಳಗೆ ಬಿಟ್ಟ ಬಟ್ಟೆ

"ನಿಮಗೂ ನಿಮ್ಮ ತಮ್ಮನಿಗೂ ಹತ್ತಕ್ಕೆ ಹತ್ತು ಹೊಂದುತ್ತೆ," ಅಂದ್ರು ಡಾಕ್ಟರು.

"ಲ್ಯಾಬಲ್ಲಿ ಏನೋ ಎಡವಟ್ಟಾಗಿದೆ. ಇನ್ನೊಂದ್ಸಲ ನೋಡಿಸಿ," ಅಂದೆ.

ನಾವಿಬ್ಬರೂ ದರ್ಜಿಗಳು. ಒಂದೇ ಅಂಗಡಿ, ಮಧ್ಯೆ ಪ್ಲೈವುಡ್ ಗೋಡೆ. ಗೋಡೆ ಎದ್ದು ಒಂಬತ್ತು ವರ್ಷ, ಮಾತು ಬಿಟ್ಟೂ ಅಷ್ಟೇ. ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ. ಕಾರಣ ಕೇಳಿದ್ರೆ ನೀವು ನಗ್ತೀರಿ, ನಮಗೆ ಮಾತ್ರ ನಗು ಬಂದಿಲ್ಲ. ನಾನು ಅಂಗಿ ಹೊಲಿದ್ರೆ ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಡ್ತೀನಿ. ಮನುಷ್ಯ ಇವತ್ತಿದ್ದಂಗೆ ನಾಳೆ ಇರಲ್ಲ, ದಪ್ಪ ಆದ್ರೆ ಬಿಚ್ಚಿ ಸಡಿಲ ಮಾಡಬಹುದು. ನನ್ನ ತಮ್ಮ ಮಿಕ್ಕ ಬಟ್ಟೇನ ಹೊಲಿಗೆ ಪಕ್ಕಕ್ಕೇ ಕತ್ತರಿಸಿ ಎಸೀತಾನೆ. ಫಿಟ್ಟಿಂಗ್ ಅಂತೆ. ಒಂದಿನ ಗಿರಾಕಿ ಎದುರಿಗೇ, "ಅಣ್ಣ ಹೊಲಿಯೋದು ಅಂಗಿ ಅಲ್ಲ, ಗೋಣಿಚೀಲ," ಅಂದ. ನಾನು ಅವತ್ತೇ ಬಡಗಿಯನ್ನ ಕರೆಸಿದೆ.

ಆಮೇಲೆ ಮಾತುಕತೆಯೆಲ್ಲ ತಮ್ಮನ ಹೆಂಡತಿ ಮೂಲಕ. "ಅವನಿಗೆ ಹೇಳು, ಇಸ್ತ್ರಿಪೆಟ್ಟಿಗೆ ವಾಪಸ್ ಕೊಡ್ಬೇಕಂತೆ ಅಂತ." ಗೋಡೆ ಆಚೆ ಅವನಿಗೆ ಕೇಳಿಸಿರುತ್ತೆ. ಆದ್ರೂ ಅವಳು ಹೋಗಿ ಹೇಳೋವರೆಗೂ ಅಲ್ಲಾಡಲ್ಲ. "ನಾನೇನು ಅಂಚೆಡಬ್ಬಿನಾ ಭಾವ?" ಅಂತಾಳೆ, ಹೋಗಿ ಹೇಳ್ತಾಳೆ.

ಅವನಿಗೆ ಬಂದಿದ್ದು ರಕ್ತದ ಕ್ಯಾನ್ಸರ್. ಒಂದ್ಸಲ ಔಷಧಿಗೆ ಬಗ್ಗಿತ್ತು, ಮತ್ತೆ ಬಂತು. ಡಾಕ್ಟರು ಬಿಡಿಸಿ ಹೇಳಿದ್ರು. ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ, ಅವನದು ಅದೇ ಕೆಟ್ಟಿದೆ. ಜೋರು ಔಷಧಿ ಕೊಟ್ಟು ಅದನ್ನ ಪೂರ್ತಿ ಖಾಲಿ ಮಾಡಿ, ನನ್ನ ಸ್ಟೆಮ್ ಸೆಲ್ ಏರಿಸ್ತಾರಂತೆ. ರಕ್ತದ ಬೀಜ ಅನ್ಕೊಳ್ಳಿ. ಅದು ಒಳಗೆ ಹೋಗಿ ಬೇರು ಬಿಟ್ರೆ ಬದುಕ್ತಾನೆ.

"ಖಾಲಿ ಮಾಡಿದ ಮೇಲೆ ನೀವು ಆಗಲ್ಲ ಅಂದ್ರೆ ಅವರು ಉಳಿಯೋದು ಕಷ್ಟ. ಮನಸ್ಸು ಬದಲಾಯಿಸೋದಾದ್ರೆ ಇವತ್ತೇ ಹೇಳಿ."

"ಬಟ್ಟೆ ಕತ್ತರಿಸಿದ ಮೇಲೆ ಹೊಲಿಯಲ್ಲ ಅನ್ನೋ ದರ್ಜಿ ಅಲ್ಲ ನಾನು."

"ಇನ್ಮೇಲೆ ಅವರ ಮೈಯಲ್ಲಿ ಓಡೋದು ನಿಮ್ಮ ರಕ್ತ."

"ಹಂಗಾದ್ರೂ ಬುದ್ಧಿ ಬರಲಿ."

ಐದು ದಿನ ನನಗೆ ಇಂಜೆಕ್ಷನ್ ಚುಚ್ಚಿದ್ರು. ಸೊಂಟದ ಮೂಳೆಯನ್ನ ಒಳಗಿಂದ ಗುದ್ದಿದಂಗೆ ನೋವು. ಆಮೇಲೆ ಒಂದು ತೋಳಿಂದ ರಕ್ತ ಮಿಷನ್ನಿಗೆ ಹೋಯ್ತು. ಮಿಷನ್ನು ಬೇಕಾದ್ದನ್ನ ಸೋಸ್ಕೊಂಡು ಮಿಕ್ಕಿದ್ದನ್ನ ಇನ್ನೊಂದು ತೋಳಿಗೆ ವಾಪಸ್ ಕಳಿಸ್ತು. ನಾಲ್ಕು ಗಂಟೆ ಮೂಗು ಕೆರ್ಕೊಳ್ಳೋಕೂ ಆಗಲಿಲ್ಲ. ಸಿಕ್ಕಿದ್ದು ಒಂದೇ ಚೀಲ. ಅದನ್ನ ಏರಿಸುವಾಗ ತಮ್ಮ ನಿದ್ದೆ ಹೊಡೀತಿದ್ದನಂತೆ.

ಆಮೇಲೆ ಕಾಯೋದು. ಅವನು ಗಾಜಿನ ಕೋಣೆಯೊಳಗೆ, ಯಾರೂ ಮುಟ್ಟೋಹಂಗಿಲ್ಲ, ಮಾತೆಲ್ಲ ಫೋನಲ್ಲಿ. ಹೊರಗಿನ ಬೋರ್ಡಿನ ಮೇಲೆ ನರ್ಸು ದಿನಾ ಬಿಳಿ ರಕ್ತಕಣ ಎಷ್ಟಿದೆ ಅಂತ ಬರೀತಿದ್ರು. ಹತ್ತನೇ ದಿನ ಸೊನ್ನೆ. ಹನ್ನೆರಡನೇ ದಿನ ಸೊನ್ನೆ. "ಇಪ್ಪತ್ತು ದಿನದವರೆಗೂ ನೋಡೋಣ," ಅಂದ್ರು ಡಾಕ್ಟರು. ಆಮೇಲೇನು ಅಂತ ನಾನು ಕೇಳಲಿಲ್ಲ. ಹೆದರಿಕೆ ಆಗಿತ್ತು. ಆಚೆ ಅವನೇ ಇಲ್ಲದಿದ್ರೆ ಆ ಗೋಡೆ ಇಟ್ಕೊಂಡು ನಾನೇನು ಮಾಡ್ಲಿ?

ಹದಿನೈದನೇ ದಿನ ತಮ್ಮನ ಹೆಂಡತಿ ಅವನದೊಂದು ಅಂಗಿ ಹಿಡ್ಕೊಂಡು ಬಂದ್ಲು. "ಮನೆಗೆ ಹೋಗೋವಾಗ ಹಾಕ್ಕೊಳ್ಳೋಕಂತೆ. ಈಗ ಜೋಲು ಬೀಳುತ್ತೆ, ಎರಡೂ ಪಕ್ಕ ಹಿಡಿದು ಹೊಲಿದು ಬಿಗಿ ಮಾಡ್ಬೇಕಂತೆ."

ಬೋರ್ಡಿನ ಮೇಲೆ ಅವತ್ತೂ ಸೊನ್ನೆ.

"ಮಿಕ್ಕಿದ ಬಟ್ಟೆ ಕತ್ತರಿಸಿ ಎಸೀಲಾ ಅಂತ ಕೇಳು. ಅವನಿಗೆ ಫಿಟ್ಟಿಂಗ್ ಬೇಕಲ್ಲ," ಅಂದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾಲಿಗೆ ಕಚ್ಕೊಳ್ಳೋ ಹೊತ್ತಿಗೆ ಅವಳು ಗಾಜಿನ ಹತ್ರ ಫೋನೆತ್ತಿದ್ಲು.

ವಾಪಸ್ ಬಂದವಳು ಅಂಗೀನ ನನ್ನ ಕೈಗಿಟ್ಲು. "ಕತ್ತರಿಸಬಾರದಂತೆ ಭಾವ. ಹಿಡಿದಿದ್ದೆಲ್ಲ ಒಳಗೇ ಇರಬೇಕಂತೆ. ಒಂದು ಎಳೇನೂ ಎಸೀಬಾರದಂತೆ."

ಅಂಗಡಿಗೆ ಬಂದು ಕೂತೆ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಸೂಜಿಗೆ ದಾರ ಹೋಗಲಿಲ್ಲ. ವಯಸ್ಸಾಯ್ತು ಅಂತ ಹೇಳಬಹುದಿತ್ತು. ಅಳ್ತಿದ್ದೆ, ಅಷ್ಟೇ.

ಹದಿನೇಳನೇ ದಿನ ಬೋರ್ಡಿನ ಮೇಲೆ ಇನ್ನೂರು. ಮೂರು ವಾರಕ್ಕೆ ಸಾವಿರ ದಾಟ್ತು. ಅದಾದ ಮೇಲೂ ಜ್ವರ, ಚರ್ಮದ ತುರಿಕೆ, ಮುಷ್ಟಿಗಟ್ಟಲೆ ಮಾತ್ರೆ ಎಲ್ಲ ಇತ್ತು. ಆದ್ರೆ ಆ ಅಂಗಿ ಹಾಕ್ಕೊಂಡೇ ಮನೆಗೆ ಬಂದ.

ಅದಾಗಿ ಎಂಟು ತಿಂಗಳು. ಮೊನ್ನೆ ಅದೇ ಅಂಗಿ ಹಿಡ್ಕೊಂಡು ಗೋಡೆ ಈಚೆಗೆ ಬಂದ. ಹೆಂಡತಿ ತವರಿಗೆ ಹೋಗಿದ್ಲು. ಸುತ್ತ ನೋಡಿದ, ಹೇಳಿ ಕಳಿಸೋಕೆ ಒಂದು ನರಪಿಳ್ಳೆ ಇಲ್ಲ. ಕೊನೆಗೆ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆ ಕಡೆ ತಿರುಗಿದ.

"ಅಣ್ಣನಿಗೆ ಹೇಳು, ಅಂಗಿ ಬಿಗಿ ಆಗ್ತಿದೆ ಅಂತ."

ನಾನು ಹೊಲಿಗೆ ಬಿಚ್ಚೋ ಬ್ಲೇಡು ಹುಡುಕಿದೆ.

"ಕೂತ್ಕೊಳ್ಳೋಕೆ ಹೇಳು ಅವನಿಗೆ," ಅಂದೆ ಇಸ್ತ್ರಿಪೆಟ್ಟಿಗೆಗೆ.